ವರ್ಷವಿಡೀ ಹೂ ಬಿಡುವ ಗಿಡ

ಭಾನುವಾರ ಬೆಳಿಗ್ಗೆ ಲಾಲ್‌ಬಾಗಿನ ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲಿ ಸುಮ್ಮನೆ ಅಡ್ಡಾಡಿದರೆ ಒಂದೇ ಪ್ರಶ್ನೆ ಬೇರೆ ಬೇರೆ ದನಿಗಳಲ್ಲಿ ಕಿವಿಗೆ ಬೀಳುತ್ತದೆ: "ಅಣ್ಣ, ಇದು ವರ್ಷಪೂರ್ತಿ ಹೂ ಬಿಡುತ್ತಾ?" ಕೇಳುವವರಲ್ಲಿ ಹೊಸದಾಗಿ ಫ್ಲ್ಯಾಟಿಗೆ ಬಂದ ಗಂಡ ಹೆಂಡತಿ ಇರುತ್ತಾರೆ, ದಿನದ ಪೂಜೆಗೆ ನಾಲ್ಕು ಹೂವಾದರೂ ಮನೆಯಲ್ಲೇ ಸಿಗಲಿ ಎನ್ನುವ ಹಿರಿಯರಿರುತ್ತಾರೆ, ತಾರಸಿಯ ತುಂಬ ಕುಂಡಗಳಿದ್ದರೂ ಇನ್ನೊಂದಕ್ಕೆ ಜಾಗ ಹುಡುಕುವ ಹಳೆಯ ಹುಚ್ಚರೂ ಇರುತ್ತಾರೆ. ಮಾರುವವರ ಉತ್ತರವೂ ಬಹುಮಟ್ಟಿಗೆ ಒಂದೇ: "ಬಿಡುತ್ತೆ ಅಮ್ಮ, ಗೊಬ್ಬರ ಹಾಕ್ತಾ ಇರಿ." ಈ ಉತ್ತರ ಪೂರಾ ಸುಳ್ಳೇನಲ್ಲ. ನಿತ್ಯಪುಷ್ಪ, ಇಕ್ಸೋರಾ, ನಂದಿಬಟ್ಟಲು, ಪೆಂಟಾಸ್, ಮುಳ್ಳಿನ ಯುಫೋರ್ಬಿಯಾ ಇಂಥ ಗಿಡಗಳು ನಮ್ಮ ಊರಿನ ಹವೆಯಲ್ಲಿ ಹೆಚ್ಚುಕಡಿಮೆ ವರ್ಷದುದ್ದಕ್ಕೂ ಒಂದಷ್ಟು ಹೂ ತೋರಿಸುತ್ತಲೇ ಇರುತ್ತವೆ. ಆದರೆ ಪ್ರಶ್ನೆ ಕೇಳುವಾಗ ಗಿರಾಕಿಯ ಕೈಯಲ್ಲಿರುವುದು ಸಾಮಾನ್ಯವಾಗಿ ಇವುಗಳಲ್ಲಿ ಯಾವುದೂ ಅಲ್ಲ; ಅದು ಮೈತುಂಬ ಅರಳಿ ನಿಂತ ಸೇವಂತಿಗೆಯೋ, ಕೆಂಪಗೆ ಹೊಳೆಯುವ ಪಾಯಿನ್‌ಸೆಟಿಯಾವೋ, ಇನ್ನು ಕೆಲವು ವಾರಗಳಲ್ಲಿ ಆಯುಸ್ಸೇ ಮುಗಿಯಲಿರುವ ಪೆಟೂನಿಯಾವೋ ಆಗಿರುತ್ತದೆ.

ಈ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಕೇಳುವವರ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಬೆಂಗಳೂರಿಗೆ ಋತುಗಳೇ ಇಲ್ಲ ಎಂಬ ನಂಬಿಕೆ ಆ ಪ್ರಶ್ನೆಯ ಹಿಂದೆ ಅಡಗಿದೆ. ಆ ನಂಬಿಕೆಗೆ ಕಾರಣವೂ ಉಂಟು. ಈ ನಗರದಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 1884ರ ಜನವರಿಯ 7.8 ಡಿಗ್ರಿ, ಅತಿ ಹೆಚ್ಚಿನದು 2016ರ ಏಪ್ರಿಲ್‌ನ 39.2 ಡಿಗ್ರಿ. ಇಲ್ಲಿ ಹಿಮ ಕಟ್ಟುವುದಿಲ್ಲ, ಬಯಲುಸೀಮೆಯ ಉಳಿದ ಊರುಗಳಂತೆ ಬಿಸಿಗಾಳಿ ವಾರಗಟ್ಟಲೆ ಬೀಸುವುದಿಲ್ಲ, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಬೇಸಿಗೆಯ ರಾತ್ರಿಗಳೂ ಒಂದಿಷ್ಟು ತಣ್ಣಗಿರುತ್ತವೆ. ಸ್ವೆಟರು ಹಾಕುವ ದಿನಗಳು ಮತ್ತು ಫ್ಯಾನು ಹಾಕುವ ದಿನಗಳು ಎಂಬ ಎರಡೇ ಭೇದ ನಮಗೆ ತಿಳಿಯುತ್ತವೆ. ಗಿಡ ಮಾತ್ರ ಋತುವನ್ನು ಬರಿಯ ಚಳಿ ಸೆಕೆಗಳಿಂದ ಅಳೆಯುವುದಿಲ್ಲ. ಇರುಳು ಎಷ್ಟು ಉದ್ದವಿದೆ, ಬೇರಿನ ಬಳಿ ನೀರು ಎಷ್ಟಿದೆ, ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ ಎಂಬುದನ್ನೂ ಅದು ನೋಡುತ್ತದೆ, ಮತ್ತು ಈ ಮೂರೂ ಬೆಂಗಳೂರಿನಲ್ಲಿ ವರ್ಷದುದ್ದಕ್ಕೂ ಬದಲಾಗುತ್ತಲೇ ಇರುತ್ತವೆ. ಹೂಗಿಡವನ್ನು ಆರಿಸುವವರು ಅದಕ್ಕೆ ಹೂ ತರಿಸುವುದು ಇವುಗಳಲ್ಲಿ ಯಾವುದು ಎಂದು ಕೇಳಬೇಕು. ವರ್ಷಪೂರ್ತಿ ಹೂ ಬಿಡುತ್ತದೆಯೇ ಎಂಬ ಪ್ರಶ್ನೆಗೆ ಹೌದು ಎನ್ನಿಸಿಕೊಂಡು ಬಂದವರ ಮನೆಯಲ್ಲಿ ಆರು ತಿಂಗಳ ನಂತರ ಬರಿಯ ಎಲೆಗಳ ಕುಂಡಗಳನ್ನು ನಾನು ಕಂಡಿದ್ದೇನೆ.

ಇರುಳಿನ ಲೆಕ್ಕ

ಚಿಕ್ಕಬಳ್ಳಾಪುರದ ಕಡೆಯ ಒಂದು ಮದುವೆ ಮುಗಿಸಿ ರಾತ್ರಿ ತಡವಾಗಿ ಭಾವನ ಕಾರಿನಲ್ಲಿ ಹಿಂದಿರುಗುತ್ತಿದ್ದಾಗ ರಸ್ತೆಯ ಬದಿಯ ಹೊಲವೊಂದರಲ್ಲಿ ಸಾಲು ಸಾಲಾಗಿ ಬಲ್ಬುಗಳು ಉರಿಯುತ್ತಿದ್ದವು. ದೂರದಿಂದ ಯಾವುದೋ ಜಾತ್ರೆಯೆಂದೇ ಅನ್ನಿಸಿತು. ಹತ್ತಿರ ಬಂದರೆ ಜನರ ಸುಳಿವಿಲ್ಲ, ಬಲ್ಬುಗಳ ಕೆಳಗೆ ಗೇಣುದ್ದದ ಹಸಿರು ಗಿಡಗಳು ಮಾತ್ರ. ಭಾವನವರಿಗೆ ಇಂಥದ್ದನ್ನು ಬಿಟ್ಟು ಮುಂದೆ ಹೋಗುವ ಸ್ವಭಾವವಿಲ್ಲ. ಕಾರು ನಿಲ್ಲಿಸಿ, ಪಂಪಿನ ಮನೆಯ ಬಳಿ ಕಂಬಳಿ ಹೊದ್ದು ಕುಳಿತಿದ್ದವರನ್ನು ಮಾತನಾಡಿಸಿದರು. "ಸೇವಂತಿಗೆ ಸ್ವಾಮಿ" ಎಂದರು ಅವರು. "ಕತ್ತಲು ಸಿಕ್ಕಿದ್ರೆ ಗಿಡ ಎತ್ತರಕ್ಕೆ ಬರೋಕ್ ಮುಂಚೇನೇ ಮೊಗ್ಗು ಕಟ್ಬಿಡ್ತದೆ. ನಮಗೆ ಬೇಕಾದಾಗ ಲೈಟು ಆರಿಸ್ತೀವಿ, ಅಲ್ಲಿಂದ ಎರಡು ಎರಡೂವರೆ ತಿಂಗಳಿಗೆ ಹೂವು." ಯಾವ ಹಬ್ಬಕ್ಕೆ ಲೆಕ್ಕ ಹಾಕಿದ್ದೀರಿ ಎಂದು ಭಾವ ಕೇಳಿದರು. ಅವರು ನಕ್ಕು, ಎಲ್ಲರೂ ಅದೇ ಹಬ್ಬಕ್ಕೆ ಲೆಕ್ಕ ಹಾಕಿದರೆ ಮಾರ್ಕೆಟ್ಟಿನಲ್ಲಿ ಹೂವನ್ನು ಕೇಳುವವರೇ ಇರುವುದಿಲ್ಲ ಎಂದು ಹೇಳಿ, ಉತ್ತರವನ್ನು ತಮ್ಮಲ್ಲೇ ಇಟ್ಟುಕೊಂಡರು.

ಅವರು ಹೇಳಿದ್ದು ಸಸ್ಯಶಾಸ್ತ್ರದಲ್ಲಿ ನೂರು ವರ್ಷಗಳ ಹಿಂದೆ ದಾಖಲಾದ ಸಂಗತಿ. ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಎಂಬಿಬ್ಬರು 1920ರಲ್ಲಿ ಇದನ್ನು ಪ್ರಕಟಿಸಿದರು. ಬೇಸಿಗೆಯಿಡೀ ಎತ್ತರಕ್ಕೆ ಬೆಳೆಯುತ್ತ ಹೂ ಬಿಡಲು ಒಪ್ಪದ ಒಂದು ತಂಬಾಕು ತಳಿ, ಹಗಲು ಕಿರಿದಾದ ಕೂಡಲೇ ಹೂ ಬಿಟ್ಟಿದ್ದನ್ನು ಅವರು ಗಮನಿಸಿದ್ದರು. ಗಿಡ ನಿಜವಾಗಿ ಅಳೆಯುವುದು ಹಗಲನ್ನಲ್ಲ, ಎಡೆಬಿಡದ ಕತ್ತಲನ್ನು ಎಂಬುದು ಆಮೇಲೆ ತಿಳಿದುಬಂತು. ಎಲೆಗಳಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಬೆಳಕನ್ನು ಗ್ರಹಿಸುತ್ತದೆ. ನಡುರಾತ್ರಿಯಲ್ಲಿ ಒಂದಷ್ಟು ಹೊತ್ತು ಬೆಳಕು ಬಿದ್ದರೆ ಆ ಉದ್ದನೆಯ ಇರುಳು ಗಿಡದ ಲೆಕ್ಕದಲ್ಲಿ ಎರಡು ಗಿಡ್ಡ ಇರುಳುಗಳಾಗುತ್ತದೆ. ಸೇವಂತಿಗೆಗೂ ಪಾಯಿನ್‌ಸೆಟಿಯಾಕ್ಕೂ ಎಡೆಬಿಡದ ಉದ್ದನೆಯ ಇರುಳುಗಳು ವಾರಗಟ್ಟಲೆ ಸಿಗಬೇಕು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್ ಕೊನೆಯಲ್ಲಿ ಇಲ್ಲಿನ ಹಗಲು 13 ಗಂಟೆಗೆ ತುಸು ಕಡಿಮೆ, ಡಿಸೆಂಬರ್ ಕೊನೆಯಲ್ಲಿ ಹನ್ನೊಂದೂಕಾಲು ಗಂಟೆಗೆ ತುಸು ಹೆಚ್ಚು. ಇಡೀ ವರ್ಷದಲ್ಲಿ ಆಗುವ ಏರಿಳಿತ ಒಂದೂವರೆ ಗಂಟೆಯಷ್ಟೇ. ನಮ್ಮ ಗಮನಕ್ಕೇ ಬಾರದ ಈ ವ್ಯತ್ಯಾಸದ ಮೇಲೆ ದಸರಾದಿಂದ ಸಂಕ್ರಾಂತಿಯವರೆಗಿನ ಸೇವಂತಿಗೆಯ ಸುಗ್ಗಿ ನಿಂತಿದೆ.

ನಮ್ಮ ಬೀದಿಯ ಮೂಲೆಮನೆಯವರ ಕಾಂಪೌಂಡಿನಲ್ಲಿ ಸೇವಂತಿಗೆಯ ಸಾಲೊಂದಿದೆ. ಕಾರ್ತಿಕ ಮಾಸದಲ್ಲಿ ಆ ಸಾಲಿನ ಒಂದು ತುದಿ ಹಳದಿಯಾಗಿರುತ್ತದೆ, ಇನ್ನೊಂದು ತುದಿ ಹಸಿರಾಗಿಯೇ ಉಳಿದಿರುತ್ತದೆ. ಮಣ್ಣು ಒಂದೇ, ಹಾಕುವ ಹಿಂಡಿ ಒಂದೇ, ನೀರು ಒಂದೇ ಕೊಳವೆಯದು. ಹಸಿರಾಗಿರುವ ತುದಿಯ ಮೇಲೆ ಬೀದಿದೀಪದ ಬೆಳಕು ನೇರವಾಗಿ ಬೀಳುತ್ತದೆ. ಮನೆಯವರು ಅದಕ್ಕೆ ರೋಗವೆಂದು ಭಾವಿಸಿ ಔಷಧಿ ಹೊಡೆಸುವ ಯೋಚನೆಯಲ್ಲಿದ್ದರು. ಹಳೆಯ ಬಟ್ಟೆಯೊಂದನ್ನು ಕೋಲಿಗೆ ಕಟ್ಟಿ ದೀಪದ ಕಡೆಗೆ ಮರೆ ಮಾಡಿ ನೋಡಿ ಎಂದು ಹೇಳಿದ್ದಕ್ಕೆ ನನ್ನನ್ನು ಅನುಮಾನದಿಂದಲೇ ನೋಡಿದರು, ಆದರೆ ಮರೆ ಕಟ್ಟಿದರು. ಧನುರ್ಮಾಸ ಮುಗಿಯುವ ಹೊತ್ತಿಗೆ ಆ ತುದಿಯಲ್ಲೂ ಮೊಗ್ಗುಗಳಿದ್ದವು. ಬಾಲ್ಕನಿಯಲ್ಲಿ ರಾತ್ರಿಯಿಡೀ ದೀಪ ಉರಿಸುವವರು, ಹಾಲಿನೊಳಗೆ ಟಿವಿಯ ಪಕ್ಕ ಪಾಯಿನ್‌ಸೆಟಿಯಾ ಇಡುವವರು ಈ ಗಿಡಗಳನ್ನು ಆ ಒಂದು ಸಲದ ಹೂವಿಗಾಗಿ ಕೊಳ್ಳುತ್ತಿದ್ದೇವೆ ಎಂದುಕೊಂಡೇ ಕೊಳ್ಳುವುದು ಒಳ್ಳೆಯದು. ಅದರಲ್ಲಿ ಅವಮಾನವೇನೂ ಇಲ್ಲ. ಗುಚ್ಛ ಕೊಂಡರೆ ಮೂರು ದಿನ, ಇದು ಒಂದೂವರೆ ತಿಂಗಳು. ಆದರೆ ಮರುವರ್ಷವೂ ಹೂ ಬೇಕೆಂದರೆ ಜಾಗ ಆರಿಸುವಾಗ ಹಗಲಿನ ಬಿಸಿಲಿನ ಜೊತೆಗೆ ರಾತ್ರಿಯ ಕತ್ತಲನ್ನೂ ನೋಡಬೇಕಾಗುತ್ತದೆ. ನರ್ಸರಿಯಿಂದ ತಂದ ಗುಂಡನೆಯ ಪುಟ್ಟ ಸೇವಂತಿಗೆ ಮರುವರ್ಷ ಉದ್ದುದ್ದ ಬೆಳೆದು ವಾಲುವುದನ್ನು ಕಂಡು ಬೇಸರಪಡುವವರೂ ಇದ್ದಾರೆ. ಕುಂಡದ ಸೇವಂತಿಗೆಯನ್ನು ಕುಳ್ಳಗಿಡಲು ಬೆಳೆಗಾರರು ಬೆಳವಣಿಗೆ ತಡೆಯುವ ಔಷಧಿ ಬಳಸುವುದುಂಟು, ಅದರ ಪರಿಣಾಮ ಇಳಿದ ಮೇಲೆ ಗಿಡ ತನ್ನ ಸಹಜ ಎತ್ತರಕ್ಕೆ ಹೋಗುತ್ತದೆ. ಮಳೆಗಾಲದ ಆರಂಭದಲ್ಲಿ ಒಂದೆರಡು ಸಲ ಕುಡಿ ಚಿವುಟಿದರೆ ಅದು ಕವಲೊಡೆದು ಪೊದೆಯಾಗುತ್ತದೆ.

ದೊಡ್ಡಮ್ಮನ ಮಲ್ಲಿಗೆ

ಬಸವನಗುಡಿಯಲ್ಲಿದ್ದ ದೊಡ್ಡಮ್ಮನ ಮನೆಯ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಎರಡು ದುಂಡುಮಲ್ಲಿಗೆಯ ಗಿಡಗಳಿದ್ದವು. ಕಡಲೆಕಾಯಿ ಪರಿಷೆ ಮುಗಿದ ವಾರದಲ್ಲಿ ದೊಡ್ಡಮ್ಮ ಕಲ್ಲಿನಿಂದ ಗಿಡದ ಕಡೆಗೆ ಹರಿಯುವ ನೀರಿನ ಕಾಲುವೆಗೆ ಮಣ್ಣು ಮೆತ್ತಿ ಮುಚ್ಚಿಬಿಡುತ್ತಿದ್ದರು. ಆಮೇಲೆ ಗಿಡಕ್ಕೆ ಒಂದು ತಂಬಿಗೆ ನೀರೂ ಇಲ್ಲ. ಎಲೆಗಳು ಬಾಡತೊಡಗಿದ ಮೇಲೆ ಕತ್ತರಿ ಹಿಡಿದು ಮೊಣಕಾಲಿನ ಎತ್ತರಕ್ಕೆ ಸವರಿ, ಉಳಿದ ಎಲೆಗಳನ್ನೂ ಕೈಯಿಂದ ತರಿದುಹಾಕುತ್ತಿದ್ದರು. ಚಿಕ್ಕವನಾಗಿದ್ದ ನನಗೆ ಇದು ಕ್ರೌರ್ಯವಾಗಿ ಕಾಣುತ್ತಿತ್ತು. ಒಮ್ಮೆ ಕದ್ದು ನೀರು ಹಾಕಲು ಹೋದಾಗ ಅವರು ಅಡುಗೆಮನೆಯ ಕಿಟಕಿಯಿಂದಲೇ ಕೂಗಿದರು: "ನೀರು ಹಾಕ್ಬೇಡ ಕಣೋ, ಈಗ ನೀರು ಕೊಟ್ರೆ ಬರೀ ಎಲೆ ಬರುತ್ತೆ, ಆಮೇಲೆ ಯುಗಾದಿಗೆ ದೇವರಿಗೆ ಎಲೆ ಮುಡಿಸ್ತೀಯಾ?" ಸಂಕ್ರಾಂತಿ ಕಳೆದ ಮೇಲೆ ಬುಡ ಬಿಡಿಸಿ, ಕೊಟ್ಟಿಗೆ ಗೊಬ್ಬರವನ್ನೂ ಹೊಂಗೆ ಹಿಂಡಿಯನ್ನೂ ಹಾಕಿ, ಕಾಲುವೆಯ ಮಣ್ಣು ತೆಗೆದು ನೀರು ಬಿಡುತ್ತಿದ್ದರು. ಶಿವರಾತ್ರಿಯ ಹೊತ್ತಿಗೆ ಚಿಗುರಿನ ತುದಿಗಳಲ್ಲಿ ಮೊಗ್ಗು ಕಾಣುತ್ತಿತ್ತು, ಯುಗಾದಿಯಿಂದ ಮುಂಗಾರಿನವರೆಗೆ ಅಕ್ಕಪಕ್ಕದ ಮನೆಗಳಿಗೂ ಹೂ ಹೋಗುತ್ತಿತ್ತು. ತೋಟಗಾರಿಕೆಯ ಪುಸ್ತಕಗಳೂ ದುಂಡುಮಲ್ಲಿಗೆಗೆ ನವೆಂಬರ್ ಕೊನೆಯ ಸುಮಾರಿಗೆ ನೀರು ನಿಲ್ಲಿಸಿ ಸವರಬೇಕೆಂದೇ ಹೇಳುತ್ತವೆ. ದೊಡ್ಡಮ್ಮ ಆ ಪುಸ್ತಕಗಳನ್ನು ನೋಡಿದವರಲ್ಲ. ಅವರಿಗೆ ಪರಿಷೆ, ಸಂಕ್ರಾಂತಿ, ಶಿವರಾತ್ರಿಗಳೇ ಸಾಕಾಗಿದ್ದವು.

ನೀರಿಗೆ ಓಗೊಡುವ ಗಿಡಗಳ ಬಗೆಯೇ ಬೇರೆ. ಕಾಗದದ ಹೂವಿನ ಬಳ್ಳಿಯನ್ನು, ಅಂದರೆ ಬೋಗನ್‌ವಿಲ್ಲಾವನ್ನು, ಪ್ರೀತಿಯಿಂದ ದಿನವೂ ನೀರು ಹಾಕಿ ಸಾಕಿದವರು ಅದರ ಹಸಿರನ್ನೇ ನೋಡುತ್ತ ಕೂರಬೇಕಾಗುತ್ತದೆ. ಬೇರು ಒಣಗಿ ಗಿಡಕ್ಕೆ ತುಸು ಸಂಕಟವಾದಾಗ ಅದು ಬಣ್ಣದ ಎಲೆಗಳನ್ನು ಹೊರಡಿಸುತ್ತದೆ. ನಾವು ಹೂವೆಂದು ಕರೆಯುವುದು ಆ ಬಣ್ಣದ ಎಲೆಗಳನ್ನೇ, ನಿಜವಾದ ಹೂ ಅವುಗಳ ನಡುವೆ ಬಿಳಿಯ ಪುಟ್ಟ ಕೊಳವೆಯಂತೆ ಕೂತಿರುತ್ತದೆ. ಆದ್ದರಿಂದಲೇ ಜನವರಿಯಿಂದ ಮೇ ತಿಂಗಳವರೆಗೆ, ಯಾರೂ ನೀರು ಹಾಕದ ಫ್ಲೈಓವರಿನ ಅಂಚಿನ ಬಳ್ಳಿಗಳು, ಶ್ರೀಮಂತರ ಮನೆಯ ಗೇಟಿನ ಬಳ್ಳಿಗಳಿಗಿಂತ ಚೆಂದವಾಗಿರುತ್ತವೆ. ಮಳೆ ಹಿಡಿದರೆ ಅದೇ ಬಳ್ಳಿ ಎಲೆಯ ಪೊದೆ. ಮಳೆ ಲಿಲ್ಲಿಯದು ಇದಕ್ಕೆ ನೇರ ವಿರುದ್ಧ: ಬೇಸಿಗೆಯಲ್ಲಿ ಒಣಗಿದ ಗೆಡ್ಡೆಗಳು ಮೊದಲ ಜೋರು ಮಳೆಯಾದ ಕೆಲವೇ ದಿನಗಳಲ್ಲಿ ಹೂ ಎತ್ತುತ್ತವೆ. ಎಷ್ಟೇ ನಲ್ಲಿ ನೀರು ಹಾಕಿದರೂ ಆ ಉತ್ಸಾಹ ಬರುವುದಿಲ್ಲ. ಫುಟ್‌ಬಾಲ್ ಲಿಲ್ಲಿ ಮೇ ತಿಂಗಳ ಗುಡುಗು ಮಳೆಗಳ ಆಸುಪಾಸಿನಲ್ಲಿ ಕೆಂಪು ಚೆಂಡನ್ನು ಎತ್ತಿ, ವಾರ ಹತ್ತು ದಿನ ಇದ್ದು, ಎಲೆ ಬಿಟ್ಟು, ಚಳಿಗಾಲಕ್ಕೆ ಮಣ್ಣಿನೊಳಗೆ ಮಾಯವಾಗುತ್ತದೆ. ಅದರ ಕುಂಡವನ್ನು ಖಾಲಿಯೆಂದು ತಿಳಿದು ಮಣ್ಣು ಚೆಲ್ಲುವವರಿಂದ ಕಾಪಾಡಲು ಒಂದು ಚೀಟಿ ಅಂಟಿಸಬೇಕಾಗುತ್ತದೆ.

ನಮ್ಮ ಹಿರಿಯರು ಮಳೆಯನ್ನು ನಕ್ಷತ್ರಗಳ ಹೆಸರಿನಲ್ಲಿ ಲೆಕ್ಕ ಹಾಕಿದ್ದು ಹೊಲಕ್ಕಾಗಿ. ಭರಣಿ ಮಳೆ ಬಂದರೆ ಧರಣಿ ಬೆಳೆ ಎಂಬ ಗಾದೆಯಲ್ಲಿ ಹೂಗಿಡದ ಮಾತಿಲ್ಲ. ಆದರೂ ಬೆಂಗಳೂರಿನ ಕೈತೋಟಕ್ಕೆ ಆ ಲೆಕ್ಕ ಹೊಂದುವಷ್ಟು ಬೀಜದ ಪೊಟ್ಟಣದ ಹಿಂದೆ ಮುದ್ರಿಸಿದ ಲೆಕ್ಕ ಹೊಂದುವುದಿಲ್ಲ. ಏಪ್ರಿಲ್ ಕೊನೆಯಿಂದ ಮೇ ತಿಂಗಳವರೆಗಿನ ಭರಣಿ, ಕೃತ್ತಿಕೆ, ರೋಹಿಣಿಗಳ ಬಿರುಮಳೆಗೆ ಗೆಡ್ಡೆಗಳು ಏಳುತ್ತವೆ. ಜೂನ್ ಆರಂಭದ ಮೃಗಶಿರದಿಂದ ಹಿಡಿದ ಜಿಟಿಜಿಟಿ ಮಳೆಯ ದಿನಗಳು ದಾಸವಾಳ, ಕ್ರೋಟನ್, ಕಣಗಿಲೆಗಳ ಕಡ್ಡಿ ನೆಡಲು ಹೇಳಿಮಾಡಿಸಿದಂತಿರುತ್ತವೆ. ಬೆಂಗಳೂರಿನಲ್ಲಿ ಮಳೆ ಹೆಚ್ಚು ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ಗಳ ಉತ್ತರೆ, ಹಸ್ತ, ಚಿತ್ತೆಯಲ್ಲಿ. ಕುಂಡದ ತಳದ ತೂತು ಮುಚ್ಚಿಹೋಗಿದ್ದರೆ ಜೆರೇನಿಯಂನಂಥ ಗಿಡಗಳು ಆಗ ಕೊಳೆಯುತ್ತವೆ. ಸ್ವಾತಿ ಮಳೆಗಳು ತಗ್ಗಿದ ಮೇಲೆ ಗುಲಾಬಿ ಸವರುವ ಕಾಲ. ಗುಲಾಬಿಗೆ ಇರುಳಿನ ಲೆಕ್ಕವಿಲ್ಲ, ಕತ್ತರಿ ಬಿದ್ದ ಆರೇಳು ವಾರಗಳಿಗೆ ಹೂ ಬರುತ್ತದೆ. ಮಳೆಯಲ್ಲಿ ಎಲೆಗೆ ಕಪ್ಪು ಚುಕ್ಕೆ, ಒಣ ಚಳಿಯಲ್ಲಿ ಬೂದಿ ರೋಗ ಎಂದು ಅದಕ್ಕೆ ಪ್ರತಿ ಋತುವಿನಲ್ಲೂ ಒಂದು ತಕರಾರು ಇದ್ದೇ ಇರುತ್ತದೆ, ನನಗೆ ಆ ಗಿಡದ ಮೇಲೆ ಹೇಳಿಕೊಳ್ಳುವಂಥ ಮೋಹವಿಲ್ಲ.

2024ರ ಮಾರ್ಚ್‌ನಲ್ಲಿ ನೀರಿನ ಅಭಾವ ಬಂದಾಗ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತ್ತು. ಆ ಬೇಸಿಗೆಯಲ್ಲಿ ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರುಗಳೇ ನಗರದ ಎಷ್ಟೋ ಬಾಲ್ಕನಿಗಳನ್ನು ಉಳಿಸಿದವು. ಬೋಗನ್‌ವಿಲ್ಲಾ, ಅಡೀನಿಯಂ, ಕಣಗಿಲೆ, ನಿತ್ಯಪುಷ್ಪ, ಟೇಬಲ್ ರೋಸ್ ಅಂಥ ನೀರಿನಲ್ಲೇ ಬದುಕಿ ಹೂವನ್ನೂ ಕೊಟ್ಟವು. ಹೈಡ್ರಾಂಜಿಯಾ, ಫ್ಯೂಷಿಯಾದಂಥ, ಊಟಿಯಲ್ಲಿ ನೋಡಿ ಆಸೆಪಟ್ಟು ತಂದ ಗಿಡಗಳು ಮೊದಲು ಸೋತವು. ಆರ್‌ಓ ಯಂತ್ರದಿಂದ ಹೊರಬೀಳುವ ನೀರನ್ನು ಹಾಕಿದವರ ಇಕ್ಸೋರಾ, ಗಾರ್ಡೇನಿಯಾಗಳು ನರಗಳಷ್ಟೇ ಹಸಿರಾಗಿ ಉಳಿದ ಹಳದಿ ಎಲೆಗಳನ್ನು ತೋರಿಸತೊಡಗಿದವು. ಆ ನೀರಿನಲ್ಲಿ ಲವಣ ಸಾಂದ್ರವಾಗಿರುತ್ತದೆ, ಗಡಸು ಬೋರ್‌ವೆಲ್ ನೀರಿನಲ್ಲೂ ಇದೇ ತೊಂದರೆ. ಹುಳಿ ಮಣ್ಣನ್ನು ಬಯಸುವ ಗಿಡಗಳನ್ನು ಆರಿಸುವ ಮುನ್ನ ಮನೆಯ ನಲ್ಲಿಯಲ್ಲಿ ಬರುವುದು ಕಾವೇರಿಯೋ ಬೋರ್‌ವೆಲ್ಲೋ ಎಂದು ನೋಡಿಕೊಳ್ಳಬೇಕು.

ಬಿಸಿಲು ಎತ್ತ ಕಡೆಯದು

ಅಪಾರ್ಟ್‌ಮೆಂಟಿನಲ್ಲಿ ಗಿಡ ಬೆಳೆಸುವವರಿಗೆ ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವುದು ಬಿಸಿಲು. "ನಮ್ಮದು ಉತ್ತರದ ಬಾಲ್ಕನಿ, ಬಿಸಿಲೇ ಬರಲ್ಲ" ಎಂದವರೇ ಮೇ ತಿಂಗಳಲ್ಲಿ ಅಗ್ಲೋನಿಮಾದ ಎಲೆ ಸುಟ್ಟುಹೋಯಿತು ಎಂದು ಬರುತ್ತಾರೆ. ದಕ್ಷಿಣದ ಬಾಲ್ಕನಿಯವರು ಡಿಸೆಂಬರ್‌ನಲ್ಲಿ ಬಿಸಿಲು ಸೊಗಸಾಗಿದೆಯೆಂದು ದಾಸವಾಳ ತಂದು, ಜೂನ್‌ನಲ್ಲಿ ಅದು ಮೊಗ್ಗು ಉದುರಿಸುವುದನ್ನು ನೋಡಿ ಗೊಬ್ಬರ ಹೆಚ್ಚಿಸುತ್ತಾರೆ. ಎರಡಕ್ಕೂ ಕಾರಣ ಒಂದೇ. ಸೂರ್ಯ ಸದಾ ದಕ್ಷಿಣಕ್ಕೇ ಇರುತ್ತಾನೆ ಎಂಬುದು ದೆಹಲಿಗೋ ಲಂಡನ್ನಿಗೋ ಸಲ್ಲುವ ಮಾತು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬಂದು, ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇಲ್ಲದಂತಾಗುತ್ತದೆ. ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ನಡುಹಗಲಿನ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. ಉತ್ತರದ ಬಾಲ್ಕನಿಗೆ ಆ ತಿಂಗಳುಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ ಓರೆಯಾಗಿ ಬಿಸಿಲು ನುಗ್ಗುತ್ತದೆ. ದಕ್ಷಿಣದ ಬಾಲ್ಕನಿಗೆ ಮೇಲಿನ ಮನೆಯ ಸ್ಲ್ಯಾಬು ಅಡ್ಡವಾಗಿ, ಅದು ಬೆಳಕಿನ ನೆರಳಿನಲ್ಲಿರುತ್ತದೆ. ಡಿಸೆಂಬರ್‌ನಲ್ಲಿ ಇದೆಲ್ಲ ತಿರುವುಮುರುವು: ಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲಿ ಸುಮಾರು 54 ಡಿಗ್ರಿ ಎತ್ತರಕ್ಕಷ್ಟೇ ಏರಿ ಸ್ಲ್ಯಾಬಿನ ಕೆಳಗಿನಿಂದ ಒಳಗೆ ಬರುತ್ತಾನೆ, ಉತ್ತರದ ಬಾಲ್ಕನಿಯಲ್ಲಿ ನೇರ ಬಿಸಿಲೇ ಇರುವುದಿಲ್ಲ.

ಇದನ್ನು ಒಮ್ಮೆ ಮನಸ್ಸಿನಲ್ಲಿಟ್ಟುಕೊಂಡರೆ ದಕ್ಷಿಣದ ಬಾಲ್ಕನಿ ನಿಜಕ್ಕೂ ಒಂದು ಭಾಗ್ಯ. ಚಳಿಗಾಲದ ಗಿಡಗಳಾದ ಸೇವಂತಿಗೆ, ಪೆಟೂನಿಯಾ, ಡಯಾಂಥಸ್, ಸಾಲ್ವಿಯಾಗಳಿಗೆ ಬಿಸಿಲು ಬೇಕಾದ ತಿಂಗಳುಗಳಲ್ಲೇ ಅಲ್ಲಿ ಬಿಸಿಲಿರುತ್ತದೆ. ಬೆಗೋನಿಯಾ, ಕಲಾಡಿಯಂ, ಟೊರೇನಿಯಾಗಳು ಬಯಸುವ ತೇವದ ನೆರಳು ಮಳೆಗಾಲದಲ್ಲಿ ಅಲ್ಲೇ ಸಿಗುತ್ತದೆ. ಕಲಾಡಿಯಂ ಚಳಿಗಾಲಕ್ಕೆ ಗೆಡ್ಡೆಯಾಗಿ ಮಲಗುವುದರಿಂದ ಅದರ ಜಾಗವನ್ನು ಸೇವಂತಿಗೆಗೆ ಬಿಟ್ಟುಕೊಡಬಹುದು. ಉತ್ತರದವರು ಜರೀಗಿಡ, ಮನಿ ಪ್ಲಾಂಟ್, ಪೀಸ್ ಲಿಲ್ಲಿಗಳನ್ನೇ ನೆಚ್ಚಿಕೊಂಡು, ಮೇ ತಿಂಗಳಲ್ಲಿ ಅವನ್ನು ಒಂದೆರಡು ಅಡಿ ಒಳಗೆ ಸರಿಸಿದರೆ ಸಾಕು. ಪಶ್ಚಿಮದವರಿಗೆ ಅಡೀನಿಯಂ, ಬೋಗನ್‌ವಿಲ್ಲಾ, ಟೇಬಲ್ ರೋಸ್ ಬಿಟ್ಟು ಬೇರೆ ಸಲಹೆ ಕೊಡಲು ನನಗೆ ಧೈರ್ಯ ಸಾಲದು, ಕನಕಾಂಬರವನ್ನು ಬೇಕಾದರೆ ಸೇರಿಸಿಕೊಳ್ಳಬಹುದು. ಡೆಲ್ಲಿ ಕನಕಾಂಬರಕ್ಕೆ ಸೆಕೆಯೆಂದರೆ ಇಷ್ಟ, ನಮ್ಮ ಚಳಿಗಾಲದಲ್ಲಿ ಅದರ ಹೂ ಇಳಿಮುಖ. ಅದು ವರ್ಣತಂತುಗಳ ಎರಡರ ಬದಲು ಮೂರು ಸೆಟ್ಟುಗಳಿರುವ ಬಂಜೆ ತಳಿಯಾದ್ದರಿಂದ ಬೀಜ ಕಟ್ಟುವುದಿಲ್ಲ. ಪರಿಚಯದವರ ಮನೆಯಿಂದ ಕಡ್ಡಿ ಕೇಳಿ ತರುವುದೇ ದಾರಿ, ಹಾಗೆ ಕೇಳಿ ತಂದ ಗಿಡಕ್ಕೆ ಆ ಊರಿನ, ಆ ಬೀದಿಯ ಹವೆ ಆಗಲೇ ಒಗ್ಗಿರುತ್ತದೆ ಎಂಬುದು ಮೇಲಿನ ಲಾಭ. ನರ್ಸರಿಯ ಗಿಡಗಳ ಮಾತು ಹಾಗಲ್ಲ. ಗೋದಾವರಿ ತೀರದ ಕಡಿಯಂನಿಂದ, ಪುಣೆಯಿಂದ ಲಾರಿಗಳಲ್ಲಿ ಬಂದಿಳಿದ ಗಿಡಗಳು ಅಲ್ಲಿನ ಸೆಕೆಯಲ್ಲೋ ಪಾಲಿಹೌಸಿನಲ್ಲೋ ಬೆಳೆದವು. ಇಲ್ಲಿ ಬಂದ ಮೇಲೆ ಎಲೆ ಉದುರಿಸಿ ಹೊಸ ಎಲೆ ಹೊರಡಿಸಲು ಅವಕ್ಕೆ ಸಮಯ ಬೇಕು. ಬೇರಿನ ಸುತ್ತ ಗಟ್ಟಿಯಾಗಿ ಮೆತ್ತಿದ ಅಂಟುಮಣ್ಣಿದ್ದರೆ ಅದನ್ನು ನೀರಿನಲ್ಲಿ ನೆನೆಸಿ ಸಡಿಲಿಸಿ, ಕೆಮ್ಮಣ್ಣು, ಗೊಬ್ಬರ, ಕೋಕೋಪೀಟಿನ ಮಿಶ್ರಣಕ್ಕೆ ಹಾಕುವುದು ಒಳ್ಳೆಯದು. ಇಲ್ಲವಾದರೆ ಕುಂಡಕ್ಕೆ ಹಾಕಿದ ನೀರು ಆ ಉಂಡೆಯ ಪಕ್ಕದಿಂದಲೇ ಹರಿದುಹೋಗುತ್ತದೆ.

ಇನ್ನು ಆನ್‌ಲೈನಿನಲ್ಲಿ ಟ್ಯೂಲಿಪ್, ಡ್ಯಾಫೊಡಿಲ್ ಗೆಡ್ಡೆಗಳನ್ನು ತರಿಸುವವರ ವಿಚಾರ. ಆ ಗೆಡ್ಡೆಗಳು ಹೂವಿಗೆ ಮೊದಲು ಮೂರು ತಿಂಗಳೋ ಇನ್ನೂ ಹೆಚ್ಚೋ ಚಳಿಯಲ್ಲಿರಬೇಕು. ಜನವರಿಯ ರಾತ್ರಿಗಳಲ್ಲೂ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲೇ ಉಳಿಯುವ ಈ ಊರಿನಲ್ಲಿ ಆ ಚಳಿ ಸಿಗುವುದು ಫ್ರಿಜ್ಜಿನಲ್ಲಿ ಮಾತ್ರ. ಮನೆಯಲ್ಲಿ ಮೊಸರಿಗೂ ದೋಸೆಹಿಟ್ಟಿಗೂ ಜಾಗ ಉಳಿಯುವುದಾದರೆ ಪ್ರಯತ್ನಿಸಬಹುದು.

ಒಂದಾದ ಮೇಲೊಂದು

ಬೆಂಗಳೂರು ವರ್ಷವಿಡೀ ಹೂ ಬಿಡುವ ಊರು ಎಂಬ ಹೆಸರು ಬಂದದ್ದು ಯಾವುದೋ ಒಂದು ಮರದಿಂದಲ್ಲ. ಜರ್ಮನಿಯಲ್ಲಿ ಹುಟ್ಟಿ, ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ದುಡಿದು, ಬರೋಡಾದ ಮೂಲಕ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಅವರು ಬೀದಿಬದಿಯ ಮರಗಳನ್ನು ಒಂದರ ಹೂ ಮುಗಿಯುವಾಗ ಇನ್ನೊಂದರದು ಶುರುವಾಗುವಂತೆ ನೆಡಿಸಿದರು ಎಂಬುದು ಪ್ರಸಿದ್ಧ ಮಾತು. ಮಳೆ ಮುಗಿಯುತ್ತಿದ್ದಂತೆ ಆಕಾಶಮಲ್ಲಿಗೆ ಫುಟ್‌ಪಾತಿನ ಮೇಲೆ ಉದುರುತ್ತದೆ. ಚಳಿಗಾಲದಲ್ಲಿ ಗುಲಾಬಿ ಬಣ್ಣದ ಟಬೂಬಿಯಾ, ಶಿವರಾತ್ರಿಯ ಸುಮಾರಿಗೆ ಹಳದಿಯದು, ಅದರ ಬೆನ್ನಿಗೆ ನೀಲಿ ಜಕರಾಂಡ, ಆಮೇಲೆ ಗುಲ್‌ಮೊಹರ್, ಕಕ್ಕೆ. ಇವುಗಳಲ್ಲಿ ಯಾವುದೂ ತನ್ನ ವೈಭವವನ್ನು ಕೆಲವು ವಾರಗಳಿಗಿಂತ ಹೆಚ್ಚು ಕಾಯ್ದುಕೊಳ್ಳುವುದಿಲ್ಲ. ಟಬೂಬಿಯಾ ಮತ್ತು ಜಕರಾಂಡ ಬಂದದ್ದು ಅಮೆರಿಕ ಖಂಡಗಳಿಂದ, ಗುಲ್‌ಮೊಹರ್ ಮಡಗಾಸ್ಕರಿನಿಂದ. ಹೊರಗಿನ ಮರಗಳು ಇಷ್ಟೊಂದು ಬೇಕಿತ್ತೇ ಎಂಬ ವಾದಕ್ಕೆ ನನ್ನ ಸಹಾನುಭೂತಿಯಿದೆ, ಆದರೆ ಅವುಗಳನ್ನು ಪೋಣಿಸಿದ ಕ್ರಮದ ಬುದ್ಧಿವಂತಿಕೆಯನ್ನು ಒಪ್ಪಲೇಬೇಕು. ಆರೇಳು ಕುಂಡಗಳ ಬಾಲ್ಕನಿಗೂ ಇದೇ ಕ್ರಮ ಸಾಕಾಗುತ್ತದೆ: ಬೇಸಿಗೆಗೆ ಒಂದು ದುಂಡುಮಲ್ಲಿಗೆ ಮತ್ತು ಒಂದು ಬೋಗನ್‌ವಿಲ್ಲಾ, ಮೊದಲ ಮಳೆಗೆ ಮಳೆ ಲಿಲ್ಲಿ, ಶ್ರಾವಣಕ್ಕೆ ಕರ್ಣಕುಂಡಲವೋ ಜಿನಿಯಾವೋ, ಕಾರ್ತಿಕಕ್ಕೆ ಸೇವಂತಿಗೆ. ನಡುವಿನ ಖಾಲಿ ವಾರಗಳಿಗೂ ದೇವರಮನೆಗೂ ನಂದಿಬಟ್ಟಲು ಅಥವಾ ದಾಸವಾಳ. ದಿನವೂ ಪೂಜೆಗೆ ಹೂ ಬೇಕೆನ್ನುವವರ ಪ್ರಶ್ನೆಗೆ ನ್ಯಾಯವಾದ ಉತ್ತರ ಈ ಕೊನೆಯ ಎರಡು ಗಿಡಗಳಲ್ಲಿದೆ. ದಾಸವಾಳಕ್ಕೆ ಬೇಸಿಗೆಯಲ್ಲಿ ಹಿಟ್ಟು ತಿಗಣೆ ಹತ್ತದಂತೆ ನೋಡಿಕೊಂಡರೆ ಅದು ಬಲು ಉದಾರಿ.

ವಿಚಿತ್ರವೆಂದರೆ, ಬ್ರಹ್ಮಕಮಲವೆಂದು ನಾವು ಕರೆಯುವ ಕಳ್ಳಿ ಜಾತಿಯ ಗಿಡವನ್ನು ಕೇಳುವಾಗ ಯಾರೂ ಅದು ವರ್ಷಪೂರ್ತಿ ಹೂ ಬಿಡುತ್ತದೆಯೇ ಎನ್ನುವುದಿಲ್ಲ. ಮಳೆಗಾಲದ ಒಂದು ರಾತ್ರಿ ಅದು ಅರಳುತ್ತದೆಯೆಂದು ಗೊತ್ತಾದರೆ ಮೇಲಿನ ಮನೆಯವರೂ ಕೆಳಗಿನ ಮನೆಯವರೂ ಬರುತ್ತಾರೆ, ಆರತಿ ಎತ್ತುವವರಿದ್ದಾರೆ, ಫೋಟೋಗಳು ಬೆಳಗಾಗುವುದರೊಳಗೆ ವಾಟ್ಸಾಪಿನಲ್ಲಿ ನೂರು ಮನೆ ಸುತ್ತುತ್ತವೆ. ಉಳಿದ ದಿನಗಳಲ್ಲಿ ಎಲೆಯಂತೆ ಕಾಣುವ ಅಂದವಿಲ್ಲದ ಚಪ್ಪಟೆ ಕಾಂಡಗಳ ಆ ಗಿಡವನ್ನು ಯಾರೂ ದೂರುವುದಿಲ್ಲ. ಈ ಸೈರಣೆಯ ಒಂದು ಪಾಲು ಸೇವಂತಿಗೆಗೂ ಮಲ್ಲಿಗೆಗೂ ಸಿಕ್ಕಿದ್ದರೆ ಎಷ್ಟೋ ಗಿಡಗಳು ಕಸದ ಗಾಡಿ ಹತ್ತುವುದು ತಪ್ಪುತ್ತಿತ್ತು.

ಋತುಮಾನದ ಹೂಗಳನ್ನು ಬೀಜದಿಂದಲೇ ಬೆಳೆಸಬೇಕೆನ್ನುವವರಿಗೆ ಲಾಲ್‌ಬಾಗಿಗಿಂತ ಒಳ್ಳೆಯ ಪಂಚಾಂಗ ಬೇರೆ ಇಲ್ಲ, ಆದರೆ ಅದನ್ನು ಓದುವ ದಿನ ಬೇರೆ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನಗಳಿಗೆ ಹೋಗುವವರು ಗಾಜಿನ ಮನೆಯ ಸುತ್ತ ನೂಕುನುಗ್ಗಲಿನಲ್ಲಿ ಹೂ ನೋಡಿ, ಹೊರಬರುವಾಗ ಅದೇ ಹೂವಿನ ಗಿಡವನ್ನು ಕೊಂಡು ಬರುತ್ತಾರೆ. ಅಷ್ಟರಲ್ಲಿ ಅದರ ಬಾಳಿನ ಬಹುಭಾಗ ಮುಗಿದಿರುತ್ತದೆ. ಪೆಟೂನಿಯಾ ಬೀಜದಿಂದ ಹೂವಿಗೆ ಬರಲು ಸುಮಾರು ಮೂರು ತಿಂಗಳು ಬೇಕು, ಚೆಂಡು ಹೂವಿಗೆ ಸುಮಾರು ಎರಡು. ಆದ್ದರಿಂದ ಜನವರಿಯಲ್ಲಿ ಹೂ ಬೇಕೆನ್ನುವವರು ಅಕ್ಟೋಬರ್ ಮೊದಲ ವಾರದ ಯಾವುದಾದರೂ ಕೆಲಸದ ದಿನ ಬೆಳಿಗ್ಗೆ ಅಲ್ಲಿಗೆ ಹೋಗಬೇಕು. ಆಗಸ್ಟಿನ ಹೂಗಳನ್ನು ಆಗ ಕಿತ್ತಿರುತ್ತಾರೆ, ಪಾತಿಗಳು ಬರಿಯ ಕೆಮ್ಮಣ್ಣಾಗಿರುತ್ತವೆ, ಜನ ಕಡಿಮೆ. ಕುಕ್ಕರಗಾಲಿನಲ್ಲಿ ಕೂತು ಮಣ್ಣು ಹದ ಮಾಡುತ್ತಿರುವ ಮಾಲಿಯೊಬ್ಬರನ್ನು ಏನು ಹಾಕುತ್ತಿದ್ದೀರಿ ಎಂದು ವಿಚಾರಿಸಿದರೆ ಬೀಜದ ಹೆಸರನ್ನೂ, ಅದನ್ನು ಮಳೆಹನಿಯಿಂದ ಹೇಗೆ ಮರೆಮಾಡಬೇಕೆಂಬುದನ್ನೂ ಬೇಸರವಿಲ್ಲದೆ ಹೇಳುತ್ತಾರೆ. ಪೆಟೂನಿಯಾ ಬೀಜ ಧೂಳಿನಷ್ಟು ಸಣ್ಣದು. ಅದನ್ನು ಮರಳಿನ ಜೊತೆ ಬೆರೆಸಿ ಚೆಲ್ಲಬೇಕು, ಮೇಲೆ ಮಣ್ಣು ಮುಚ್ಚಬಾರದು, ನೀರನ್ನು ಮೇಲಿನಿಂದ ಸುರಿಯದೆ ತಟ್ಟೆಯ ತಳದಿಂದ ಹೀರಿಸಬೇಕು. ಚೆಂಡು ಹೂವಿನ ಬೀಜ ತರಲು ದೀಪಾವಳಿ ಮುಗಿಯುವವರೆಗೂ ಸಮಯವಿದೆ.